ಕನ್ನಡ ಹಾಕುವ ಮೊದಲು

"ಅಕ್ಕಾರೆ, ಇದ್ರಾಗೆ ಒಂದು ಮದುವೆ ಐತೆ. ಕಾಣ್ತಾ ಇಲ್ಲ."

ಹೀಗೆಂದು ಆಕೆ ನನ್ನ ಮೇಜಿನ ಮೇಲೆ ಒಂದು ಪೆನ್ ಡ್ರೈವ್ ಇಟ್ಟಳು. ಚಿತ್ರದುರ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಜನ ಏನೇನೋ ತಂದು ತೋರಿಸುತ್ತಾರೆ. ಇಲಿ ಕಡಿದ ವೈರು, ಟೀ ಕುಡಿದ ಕೀಬೋರ್ಡು, ಇರುವೆ ಸಂಸಾರ ಹೂಡಿದ ಸಿಪಿಯು, ಎಲ್ಲವನ್ನೂ ನೋಡಿದ್ದೇನೆ. ಕಾಣೆಯಾದ ಮದುವೆಯನ್ನು ಹುಡುಕಿಕೊಡಿ ಎಂದು ಬಂದವರಲ್ಲಿ ಇವಳೇ ಮೊದಲು.

ಇಂಥ ಪೆನ್ ಡ್ರೈವ್‌ಗಳಿಗೆಂದೇ ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದಕ್ಕೆ ನೆಟ್ ಇಲ್ಲ, ವಿಂಡೋಸ್ ಇಲ್ಲ, ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ಅದಕ್ಕೆ ಚುಚ್ಚಿ ನೋಡಿದೆ. ಅವಳ ಫೋಲ್ಡರುಗಳ ಹೆಸರಿನಲ್ಲಿ ಇದ್ದದ್ದೆಲ್ಲ ಪುಟ್ಟ ಪುಟ್ಟ ಶಾರ್ಟ್‌ಕಟ್‌ಗಳು. ವಿಂಡೋಸ್‌ನಲ್ಲಿ ತೆರೆದರೆ ಇವುಗಳ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಾಣುತ್ತದೆ. ನಮ್ಮ ಕಡೆಯ ಜೆರಾಕ್ಸ್ ಅಂಗಡಿ, ಫೋಟೋ ಸ್ಟುಡಿಯೋಗಳಲ್ಲೆಲ್ಲ ಇದಕ್ಕೆ 'ಬಾಣದ ವೈರಸ್' ಎಂದೇ ಹೆಸರು. ಅದು ನಿಜವಾದ ಫೋಲ್ಡರನ್ನು ಬಚ್ಚಿಟ್ಟು, ಅದೇ ಹೆಸರಿನ ಸುಳ್ಳು ಫೋಲ್ಡರನ್ನು ಮುಂದಿಡುತ್ತದೆ. ಒತ್ತಿದರೆ ಮೊದಲು ವೈರಸ್ ಎದ್ದು ಕೂರುತ್ತದೆ, ಆಮೇಲೆ ನಿಮ್ಮ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ.

ಬಚ್ಚಿಟ್ಟದ್ದನ್ನು ಬಿಚ್ಚಿದೆ. ಮದುವೆ ಕಾಣಿಸಿತು, ಒಂದು ಲಗ್ನಪತ್ರಿಕೆ. ಹೊಳಲ್ಕೆರೆಯ ವರ, ಹಿರಿಯೂರಿನ ವಧು, ಹೊಸದುರ್ಗದ ಕಲ್ಯಾಣ ಮಂಟಪ. ಚಿರಂಜೀವಿ, ಚಿರಂಜೀವಿ ಕುಂಕುಮ ಸೌಭಾಗ್ಯವತಿ, ಸೋದರಮಾವಂದಿರ ಉದ್ದನೆಯ ಸಾಲು, ಎಲ್ಲ ಕ್ಷೇಮವಾಗಿದ್ದವು. ಆಕೆ ಸ್ಟೂಲಿನ ಮೇಲೆ ಕುಳಿತಳು. ಅಲ್ಲಿಯವರೆಗೂ ನಿಂತೇ ಇದ್ದಳು.

ಆಕೆ ತುರುವನೂರಿನ ಒಂದು ಮನೆಯ ಸೊಸೆ. ಮದುವೆಗೆ ಮುಂಚೆ ದುರ್ಗದ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆಗಳಿಗೆ ಅಕ್ಷರ ಕೂರಿಸುತ್ತಿದ್ದವಳು. ಮದುವೆಯಾದ ಮೇಲೆ ತವರಿನಿಂದ ಅಣ್ಣನ ಹಳೆಯ ಕಂಪ್ಯೂಟರನ್ನು ತರಿಸಿಕೊಂಡು ಅದೇ ಪ್ರೆಸ್ಸಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಳು. ಪೆನ್ ಡ್ರೈವ್‌ನಲ್ಲಿ ಕೆಲಸ ಒಯ್ಯುವುದು, ಪೆನ್ ಡ್ರೈವ್‌ನಲ್ಲಿ ಕೆಲಸ ಮುಟ್ಟಿಸುವುದು.

"ನಿನ್ ಪೆನ್ ಡ್ರೈವಿಂದ ನಮ್ ಮಿಷನ್‌ಗೆ ರೋಗ ಬಂತು ಅಂದ್ರು ಪ್ರೆಸ್ಸಿನ ಯಜಮಾನ್ರು. ಇನ್ನೊಂದ್ಸಲ ಹಿಂಗಾದ್ರೆ ಬ್ಯಾರೇರಿಗೆ ಕೆಲ್ಸ ಕೊಡ್ತೀನಿ ಅಂದ್ರು," ಎಂದಳು. ಆಮೇಲೆ, "ಆ ಕೆಲ್ಸ ಒಂದು ಐತೆ ಅಂತ ನಾನು ಮನ್ಯಾಗೆ ನಾನಾಗಿದೀನಿ ಅಕ್ಕಾರೆ. ಅದು ಹೋದ್ರೆ ಕಂಪ್ಯೂಟ್ರು ಮ್ಯಾಲೆ ನಮ್ಮತ್ತೆ ಉಪ್ಪಿನಕಾಯಿ ಜಾಡಿ ಇಡ್ತಾರೆ. ಅಷ್ಟೇಯ. ಒಂದು ಒಳ್ಳೆ ಆಂಟಿವೈರಸ್ ಹಾಕಿಕೊಡ್ರಿ. ಪುಕ್ಕಟೆದು."

ಆ ಕಡೆಯ ಪದ ಕೇಳಿದರೆ ನನಗೆ ಸಾಮಾನ್ಯವಾಗಿ ಮೈ ಉರಿಯುತ್ತದೆ. ಮೊಬೈಲ್‌ಗೆ ಚೆಂದದ ಕವರ್ ಹಾಕಿಸಿಕೊಂಡು ಬಂದವರು ಆಂಟಿವೈರಸ್ ಎಂದ ಕೂಡಲೇ 'ಪುಕ್ಕಟೆದು ಇಲ್ವಾ' ಎನ್ನುತ್ತಾರೆ. ಆದರೆ ಈಕೆ ಜಿಪುಣತನದಿಂದ ಕೇಳುತ್ತಿರಲಿಲ್ಲ. ಪುಕ್ಕಟೆಯಲ್ಲೂ ಒಳ್ಳೆಯವಿವೆ, ಆರಿಸುವುದರಲ್ಲಿದೆ ಕಷ್ಟ. ಮನೆಯ ಕಂಪ್ಯೂಟರ್ ನೋಡದೆ ಏನೂ ಹೇಳಲಾರೆ, ನಾನೇ ಬರುತ್ತೇನೆ ಎಂದೆ.

ತುರುವನೂರಿನ ಬಸ್ಸಿನಲ್ಲಿ ಈರುಳ್ಳಿ ಮೂಟೆಗಳ ನಡುವೆ ಕಾಲಿಟ್ಟುಕೊಂಡು ಹೋದೆ. ಮನೆ ಊರ ಒಳಗಿನ ಬೀದಿಯಲ್ಲಿತ್ತು. ಬಾಗಿಲಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು.

"ನೀನೇನವ್ವ ರಿಪೇರಿಯಾಕಿ? ನಾನು ಗಂಡಸು ಬತ್ತಾನೆ ಅನ್ಕಂಡಿದ್ದೆ. ಬಾ, ಕುಂತ್ಕ. ಅದು ಎದ್ದೇಳದ್ರಾಗೆ ನಂದು ಮುದ್ದೆ ತಿರುವಿ ಆಗ್ತೈತೆ."

ಅತ್ತೆ ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಕಂಪ್ಯೂಟರ್ ಗುಂಡಿ ಒತ್ತಿ ನಾನು ನೀರು ಕುಡಿದೆ, ಟೀ ಕುಡಿದೆ, ಅವರ ಕುರಿಗಳ ಸಮಾಚಾರ ಕೇಳಿದೆ. ಕೊನೆಗೂ ಪರದೆ ಬೆಳಗಿದಾಗ ಕಾರಣ ಗೊತ್ತಾಯಿತು. ಒಂದಲ್ಲ, ಮೂರು ಆಂಟಿವೈರಸ್‌ಗಳು ಒಳಗೆ ಕೂತಿದ್ದವು. ಒಂದನ್ನು ಅಣ್ಣ ಹಾಕಿದ್ದ, ಒಂದನ್ನು ಊರಿನ ಮೊಬೈಲ್ ಅಂಗಡಿಯವನು, ಇನ್ನೊಂದನ್ನು ಈಕೆಯೇ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎನ್ನುವುದು ನಮ್ಮಲ್ಲಿ ಇದ್ದದ್ದೇ.

"ಒಂದು ಬಿಟ್ಟದ್ದನ್ನ ಇನ್ನೊಂದು ಹಿಡೀಲಿ ಅಂತ," ಎಂದಳು ಸೊಸೆ.

"ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಕಣಮ್ಮ," ಎಂದೆ. ಈ ಗಾದೆ ಆಂಟಿವೈರಸ್‌ಗಾಗಿಯೇ ಹುಟ್ಟಿದ್ದೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಒಂದು ಫೈಲ್ ತೆರೆದರೆ ಮೂರೂ ಒಟ್ಟಿಗೆ ಅದನ್ನು ಹಿಡಿದುಕೊಳ್ಳುತ್ತವೆ. ಒಂದರ ಕೆಲಸ ಇನ್ನೊಂದಕ್ಕೆ ಕಳ್ಳತನದಂತೆ ಕಾಣುತ್ತದೆ. ಮೂರೂ ಜಗಳದಲ್ಲಿರುವಾಗ ವೈರಸ್ ನಿಧಾನಕ್ಕೆ ಒಳಗೆ ಬಂದು ಚಾಪೆ ಹಾಸಿಕೊಳ್ಳುತ್ತದೆ. ಅವಳ ಲಗ್ನಪತ್ರಿಕೆಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಟ್ಟು, ಮೂರನ್ನೂ ತೆಗೆಯಲು ಕೂತೆ. ಎರಡು ಹೋದವು. ಮೂರನೆಯದು 'ನಮ್ಮನ್ನು ಯಾಕೆ ಬಿಟ್ಟು ಹೋಗುತ್ತಿದ್ದೀರಿ' ಎಂದು ಕೇಳಿ, ಕಾರಣ ಆರಿಸಿ ಎಂದು, ಇನ್ನೊಮ್ಮೆ ಯೋಚಿಸಿ ಎಂದು, ತವರಿಗೆ ಹೊರಟವಳ ಸೆರಗು ಹಿಡಿದಂತೆ ಕಾಡಿ ಕೊನೆಗೆ ಬಿಟ್ಟಿತು.

ಈಗ ಆರಿಸಬೇಕಿತ್ತು. ಕಂಪ್ಯೂಟರ್ ಹಳೆಯದು, ಮೆಮೊರಿ ಕಡಿಮೆ, ಭಾರ ಹೊರಲಾರದು. ಸೊಸೆಯದು ಬರೀ ಮಾತಾಡುವ ಫೋನು, ನೆಟ್ ಬರುವುದು ಗಂಡನ ಮೊಬೈಲ್‌ನಿಂದ. ಗಂಡ ಮೊಬೈಲ್ ಜೇಬಿಗಿಟ್ಟುಕೊಂಡು ಹೊಲಕ್ಕೆ ಹೋದರೆ ಸಂಜೆಯವರೆಗೆ ನೆಟ್ಟೂ ಇಲ್ಲ. ಪೆನ್ ಡ್ರೈವ್ ಚುಚ್ಚಿದ ಗಳಿಗೆಯಲ್ಲೇ ಹಿಡಿಯಬೇಕು. ಇಂಗ್ಲಿಷಿನಲ್ಲಿ ಹೆದರಿಸಬಾರದು. ಪತ್ರಿಕೆಗಳಲ್ಲಿ, ಯೂಟ್ಯೂಬಿನಲ್ಲಿ 'ಅತ್ಯುತ್ತಮ ಉಚಿತ ಆಂಟಿವೈರಸ್' ಎಂದು ಪಟ್ಟಿ ಕೊಡುವವರು ಯಾರೂ ಹೊಲಕ್ಕೆ ಹೋಗುವ ಮೊಬೈಲನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಮೊದಲು ಹಾಕಿದ್ದು ಹೆಸರುವಾಸಿಯಾದದ್ದು. ಕೆಲಸದಲ್ಲಿ ತಪ್ಪು ಹೇಳುವಂತಿರಲಿಲ್ಲ, ಬಾಯಿ ಮಾತ್ರ ದೊಡ್ಡದು. ಗಳಿಗೆಗೊಮ್ಮೆ ಕೆಂಪು ಕಿಟಕಿ ತೆರೆದು ಗಂಟೆ ಬಾರಿಸಿ 'ನೀವು ಅಪಾಯದಲ್ಲಿದ್ದೀರಿ' ಎನ್ನುತ್ತಿತ್ತು. ಏನಪಾಯ ಎಂದು ಒತ್ತಿದರೆ, ದುಡ್ಡಿನ ಆವೃತ್ತಿ ಕೊಂಡರೆ ತೋರಿಸುತ್ತೇನೆ ಎನ್ನುತ್ತಿತ್ತು.

"ಏನವ್ವ ಅದು ಬಡ್ಕಣಾದು?" ಎಂದರು ಅತ್ತೆ.

"ದುಡ್ಡು ಕೊಟ್ಟು ದೊಡ್ಡದು ತಗೋ ಅಂತಿದೆ ಅಮ್ಮ."

"ಪುಕ್ಕಟೆ ಅಂದ್ರಿ? ಪುಕ್ಕಟೆ ಕಾಯೋನು ಕಳ್ಳ ಬಂದ ಕಳ್ಳ ಬಂದ ಅಂತ ತಾನೇ ಹೆದರಿಸಾಕೆ ಶುರು ಮಾಡಿದ್ರೆ ಕಳ್ಳನೇ ವಾಸಿ ಅಲ್ವೇನವ್ವ? ಅವನು ಸದ್ದಿಲ್ದಂಗಾದ್ರೂ ಬತ್ತಾನೆ."

ನಾನು ನಕ್ಕೆ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು. ಪುಕ್ಕಟೆ ಕೊಡುವವನಿಗೆ ಏನು ಲಾಭ ಎಂಬುದನ್ನು ಗಿರಾಕಿಗಳು ನನ್ನನ್ನು ಕೇಳುವುದೇ ಇಲ್ಲ. ಒಬ್ಬ ಹೆದರಿಸಿ ದುಡ್ಡು ಕೀಳುತ್ತಾನೆ. ಇನ್ನೊಬ್ಬ ನೀವು ಎಲ್ಲೆಲ್ಲಿ ಓಡಾಡುತ್ತೀರಿ ಎಂಬುದನ್ನು ಗುರುತು ಹಾಕಿಕೊಂಡು ಮಾರುತ್ತಾನೆ. ನಿಜಕ್ಕೂ ಒಳ್ಳೆಯ ಮನಸ್ಸಿನಿಂದ ಕೊಡುವವರೂ ಇದ್ದಾರೆ. ಮೂವರ ಅಂಗಡಿ ಬಾಗಿಲೂ ಒಂದೇ ಥರ ಇರುತ್ತದೆ, ಅದೇ ತೊಂದರೆ.

ಮೊದಲನೆಯದನ್ನು ತೆಗೆದು, ಮಾರನೆಯ ದಿನ ಬೆಳಗ್ಗೆ ಬಂದು ಹಾಕಿದ ಎರಡನೆಯದು ಮೌನಿ. ಹಾಕುವಾಗ ಒಂದು ಚಿಕ್ಕ ಚೌಕದಲ್ಲಿ ಮೊದಲೇ ಸರಿ ಗುರುತು ಹಾಕಿಟ್ಟಿತ್ತು. ನೀವು ನೋಡುವ ಜಾಲತಾಣಗಳ ವಿವರವನ್ನು ನಮಗೆ ಕಳಿಸಲು ಒಪ್ಪಿದ್ದೀರಿ ಎಂದು ಅದರ ಅರ್ಥ. ಆ ಗುರುತು ತೆಗೆದು ಹಾಕಿದೆ. ಆದರೆ ಅದರ ಅಪ್‌ಡೇಟ್ ಬಕಾಸುರ. ಬೆಳಗ್ಗೆಯೇ ಗಂಡನ ಇಡೀ ದಿನದ ಡೇಟಾ ನುಂಗಿಬಿಟ್ಟಿತು. ಅವನು ಹೊಲದಿಂದ ಫೋನ್ ಮಾಡಿ ಹೆಂಡತಿಗೆ ಬೈದ. ಹೋಗಲಿ ಎಂದರೆ, ನೆಟ್ ಇಲ್ಲದಾಗ ಅದಕ್ಕೆ ಕಣ್ಣೇ ಕಾಣುತ್ತಿರಲಿಲ್ಲ. ಪ್ರತಿಯೊಂದಕ್ಕೂ ದೂರದ ತನ್ನ ಯಜಮಾನನನ್ನು ಕೇಳಿಯೇ ಹೇಳಬೇಕು. ಮೊಬೈಲ್ ಹೊಲಕ್ಕೆ ಹೋದರೆ ಕಾವಲೂ ಹೊಲಕ್ಕೆ ಹೋದಂತೆ. ಅದನ್ನೂ ತೆಗೆದೆ.

ಮೂರನೆಯದನ್ನು ಎಲ್ಲಿಂದಲೂ ತರಬೇಕಿರಲಿಲ್ಲ. ವಿಂಡೋಸ್ ಜೊತೆಗೇ ಬಂದಿದ್ದ ಕಾವಲು ಅದು. ಹೊರಗಿನವು ಬಂದು ಕೂತಾಗ ಮನೆಯದು ತಾನಾಗಿ ಸರಿದು ಮಲಗಿಬಿಟ್ಟಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವಲ್ಲ, ಹಾಗೆ ನಾನೂ ಅದನ್ನು ಕಡೆಗೆ ನೋಡಿದೆ. ಎಬ್ಬಿಸಿದೆ. ಮೂರನೆಯ ದಿನ ಬೆಳಗ್ಗೆ ಮೊಬೈಲ್ ಮನೆಯಲ್ಲಿದ್ದಾಗ ಅಪ್‌ಡೇಟ್ ಮುಗಿಸಿಕೊಂಡು, ಮಿಕ್ಕ ಹೊತ್ತು ಇದ್ದ ಬುದ್ಧಿಯಲ್ಲೇ ಕಾಯುತ್ತಿತ್ತು. ಗಂಟೆ ಬಾರಿಸಲಿಲ್ಲ, ದುಡ್ಡು ಕೇಳಲಿಲ್ಲ. ಮದುವೆಯ ಫೋಲ್ಡರುಗಳನ್ನು ವಾಪಸ್ ಹಾಕಿ, ಪೂರ್ತಿ ತಪಾಸಣೆಗೆ ಹಚ್ಚಿ, ಗೆದ್ದೆ ಎಂದುಕೊಂಡು ದುರ್ಗದ ಬಸ್ ಹತ್ತಿದೆ.

ಮಾರನೆಯ ದಿನವೇ ಫೋನು. "ಅಕ್ಕಾರೆ, ಕನ್ನಡ ಹೋತು."

ಕೀಲಿ ಒತ್ತಿದರೆ ಬರೀ ಇಂಗ್ಲಿಷ್ ಅಕ್ಷರ ಬೀಳುತ್ತಿವೆಯಂತೆ. ತಪಾಸಣೆ ಮುಗಿಸಿದ ಕಾವಲು, ಅವಳು ಕನ್ನಡ ಟೈಪ್ ಮಾಡುವ ತಂತ್ರಾಂಶವನ್ನೇ ಅಪಾಯಕಾರಿ ಎಂದು ಹಿಡಿದು ಕ್ವಾರಂಟೈನ್‌ಗೆ ಹಾಕಿತ್ತು. ಕೊರೊನಾ ಕಾಲದಿಂದ ಆ ಪದವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

"ಇದು ಯಾವಾಗ್ಲೂ ಹಿಂಗೇಯ ಅಕ್ಕಾರೆ," ಎಂದಳು ಸೊಸೆ. "ಪ್ರೆಸ್ಸಿನಾಗೆ ಕನ್ನಡ ಹಾಕೋ ಮೊದ್ಲು ಆಂಟಿವೈರಸ್ ಆಫ್ ಮಾಡ್ತಾರೆ. ಆಮ್ಯಾಲೆ ಆ ಫೋಲ್ಡರ್ ಮುಟ್ಟಬ್ಯಾಡ ಅಂತ ಅದ್ಕೆ ಹೇಳಿಬಿಡ್ತಾರೆ. ಮೊದಲಿನ ಮೂರಕ್ಕೂ ನಾನು ಹಂಗೇ ಹೇಳಿದ್ದೆ."

ಇದು ಆ ಪ್ರೆಸ್ಸೊಂದರ ರೂಢಿಯಲ್ಲ. ನಾವೆಲ್ಲ ಕೆಲಸ ಕಲಿತದ್ದೇ ಹೀಗೆ. ಕನ್ನಡ ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡು. ಅದಕ್ಕೆ ಕಾರಣವೂ ಉಂಟು. ಕನ್ನಡದ ತಂತ್ರಾಂಶ ನಿಮ್ಮ ಬೆರಳಿಗೂ ಪರದೆಗೂ ನಡುವೆ ನಿಂತು, ಒತ್ತಿದ ಪ್ರತಿಯೊಂದು ಕೀಲಿಯನ್ನೂ ತಾನು ಹಿಡಿದು, ಕನ್ನಡ ಮಾಡಿ ಮುಂದಕ್ಕೆ ಕೊಡುತ್ತದೆ. ಪಾಸ್‌ವರ್ಡ್ ಕದಿಯುವ ಕಳ್ಳನೂ ನಿಲ್ಲುವುದು ಅದೇ ಜಾಗದಲ್ಲೇ. ಎಲ್ಲೋ ದೂರದಲ್ಲಿ ಕುಳಿತು ಆಂಟಿವೈರಸ್ ಬರೆದವನಿಗೆ ಇಬ್ಬರೂ ಒಂದೇ ಥರ ಕಂಡರೆ ಆಶ್ಚರ್ಯವಿಲ್ಲ. ಇಂಗ್ಲಿಷಿನವರಿಗೆ ಈ ತಾಪತ್ರಯವಿಲ್ಲ, ಅವರ ಅಕ್ಷರ ಕೀಲಿಯ ಮೇಲೇ ಇದೆ. ಹಾಗಾಗಿ ಕನ್ನಡದ ಮೇಲೆ ಎಚ್ಚರಿಕೆ ಬಂದಾಗ ನಮಗೆ ಭಯವಾಗುವುದಿಲ್ಲ, ಸಿಟ್ಟು ಬರುತ್ತದೆ. ನಮ್ಮ ಭಾಷೆ ಇವರಿಗೆ ಏನು ಗೊತ್ತು ಎಂಬ ಸಿಟ್ಟು. ನನಗೂ ಬಂತು. ಫೋನಿನಲ್ಲೇ ದಾರಿ ಹೇಳಿದೆ. ಅವಳು ಕನ್ನಡವನ್ನು ಕ್ವಾರಂಟೈನ್‌ನಿಂದ ಬಿಡಿಸಿದಳು, ಆ ಫೋಲ್ಡರನ್ನು ಮುಟ್ಟಬೇಡ ಎಂದು ಕಾವಲಿಗೆ ಅಪ್ಪಣೆ ಕೊಟ್ಟಳು. ಕನ್ನಡ ವಾಪಸ್ ಬಂತು.

ಬಾಣಗಳೂ ವಾಪಸ್ ಬಂದವು.

ಅದನ್ನು ಅವಳು ನೋಡಿದ್ದು ಪ್ರೆಸ್ಸಿನಲ್ಲಿ, ಗಿರಾಕಿಗಳ ಎದುರಿಗೆ. ಯಜಮಾನರು ಪೆನ್ ಡ್ರೈವ್ ಕಿತ್ತು ಕೌಂಟರ್ ಮೇಲೆ ಎಸೆದರಂತೆ. ಮುಂದಿನ ವಾರಕ್ಕೆ ಬಂದಿದ್ದ ಗೃಹಪ್ರವೇಶದ ಕಾರ್ಡುಗಳನ್ನು ಬೇರೆಯವರಿಗೆ ಕೊಟ್ಟರಂತೆ. ಕೈಯಲ್ಲಿದ್ದ ಹೊಸದುರ್ಗದ ಲಗ್ನಪತ್ರಿಕೆಗೆ ಬೀಗರ ಕಡೆಯಿಂದ ಹೆಸರು ಸೇರಿಸುವುದು ಬಾಕಿ ಇತ್ತು. 'ಅದೊಂದು ಮುಗಿಸಿಕೊಡು, ಆಮೇಲೆ ನೋಡಾಣ' ಎಂದರಂತೆ. ನೋಡಾಣ ಎಂದರೆ ಏನೆಂದು ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು.

ಫೋನಿನಲ್ಲಿ ಅವಳು ಅಳಲಿಲ್ಲ. "ಏನ್ ಕಾವಲು ಹಾಕಿದ್ರಿ ಅಕ್ಕಾರೆ ನೀವು?" ಎಂದಳು. ಅಷ್ಟೇ.

ಮೊದಲು ಆ ಕಾವಲಿನ ಮೇಲೆ ಸಿಟ್ಟು ಬಂತು, ಆಮೇಲೆ ಯಜಮಾನರ ಮೇಲೆ, ಕೊನೆಗೆ ನಾಚಿಕೆ. ಅಂಗಡಿ ಮುಚ್ಚಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇನ್ನೂ ಒಳ್ಳೆಯ ಸಾಫ್ಟ್‌ವೇರ್ ಯಾವುದು? ನಾಲ್ಕನೆಯದು, ಐದನೆಯದು? ತುರುವನೂರು ಹತ್ತಿರ ಬರುವ ಹೊತ್ತಿಗೆ ಆ ಪ್ರಶ್ನೆಯೇ ತಪ್ಪು ಎನಿಸತೊಡಗಿತು. ಮೊದಲಿನ ಮೂರಕ್ಕೂ, ಈಗಿನದಕ್ಕೂ ಸಮನಾಗಿ ಇದ್ದದ್ದು ಒಂದೇ. ಎಲ್ಲದಕ್ಕೂ ನಾವು ಒಂದು ಕೋಣೆ ತೋರಿಸಿ, ಇದರೊಳಗೆ ಮಾತ್ರ ನೋಡಬೇಡ ಎಂದಿದ್ದೆವು.

ಗಂಡ ಅವತ್ತು ಮೊಬೈಲ್ ಮನೆಯಲ್ಲೇ ಬಿಟ್ಟು ಹೋದ. ಬೈದ ಮನುಷ್ಯನೇ, ಕೇಳದೆ ಬಿಟ್ಟು ಹೋದ. ನನ್ನ ಹೊಸ ಪೆನ್ ಡ್ರೈವ್ ಒಂದನ್ನು ಖಾಲಿ ಮಾಡಿ, ಒಳಗೆ ಒಂದೇ ಒಂದು ಫೋಲ್ಡರ್ ಇಟ್ಟು, ಕಂಪ್ಯೂಟರನ್ನು ಕನ್ನಡದ ತಂತ್ರಾಂಶ ತೆರೆಯದೆ ಹಚ್ಚಿದೆವು. ಪೆನ್ ಡ್ರೈವ್ ಚುಚ್ಚಿದೆ, ತೆಗೆದೆ, ನನ್ನ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಶುದ್ಧ. ಇನ್ನೊಮ್ಮೆ ಮಾಡಿದೆ. ಶುದ್ಧ. ಆಮೇಲೆ ಸೊಸೆಗೆ ಹೇಳಿದೆ, ಕನ್ನಡ ತೆರೆ ಎಂದು. ಅವಳು ತೆರೆದಳು. ಪೆನ್ ಡ್ರೈವ್ ಚುಚ್ಚಿ ತೆಗೆದು ನೋಡಿದರೆ ಫೋಲ್ಡರ್ ಹೋಗಿ ಬಾಣ ಕೂತಿತ್ತು.

"ಕನ್ನಡದಿಂದನಾ?" ಎಂದಳು.

ಕನ್ನಡದಿಂದ ಅಲ್ಲ ಎಂದು ಗೊತ್ತಿತ್ತು, ಆದರೆ ತೋರಿಸಬೇಕಿತ್ತು. ಬೀಗರು ಸೇರಿಸಬೇಕೆಂದ ಹೆಸರುಗಳು ಕೈಬರಹದಲ್ಲಿ ಮೇಜಿನ ಮೇಲೇ ಇದ್ದವು. ಈಗ ಕನ್ನಡ ತೆಗೆದರೆ, ಹೊಸದು ಸರಿಯಾಗಿ ಕೂರದಿದ್ದರೆ, ಇರುವ ಕೊನೆಯ ಕೆಲಸವೂ ಕೈಬಿಟ್ಟು ಹೋಗುತ್ತದೆ. ಹಳೆಯದರಲ್ಲೇ ಮುಗಿಸಿ, ಫೈಲನ್ನು ಹೇಗೋ ತೊಳೆದು ಕೊಡಬಹುದು ಎಂಬ ಆಸೆಯೂ ಒಂದು ಕ್ಷಣ ಬಂತು. ಹಾಗೆ ಮಾಡಿದರೆ ಇವತ್ತಿನ ಮದುವೆ ಉಳಿಯುತ್ತದೆ, ನಾಳೆಯದು ಹೋಗುತ್ತದೆ. ಅವಳನ್ನೇ ಕೇಳಿದೆ.

"ತಗೀರಿ," ಎಂದಳು. "ರೋಗ ಇಟ್ಕಂಡು ನಾನು ಯಾರ ಮದುವೇನೂ ಮಾಡಲ್ಲ."

ತೆಗೆದೆವು. ಆ ತಂತ್ರಾಂಶ ಮಾಡಿದವರ ಸ್ವಂತ ಜಾಲತಾಣದಿಂದಲೇ, ಹೊಲಕ್ಕೆ ಹೋಗದ ಮೊಬೈಲಿನ ನೆಟ್ಟಿನಲ್ಲಿ, ಹೊಸ ಪ್ರತಿ ಇಳಿಸಿದೆ. ಇಲ್ಲಿ ಇದೂ ಪುಕ್ಕಟೆಯೇ ಎಂಬುದನ್ನು ಹೇಳಬೇಕು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೂ ನಮ್ಮ ಜಿಲ್ಲೆಯಲ್ಲಿ ಯಾರೂ ಇಳಿಸುವುದಿಲ್ಲ, ಪಕ್ಕದವರ ಪೆನ್ ಡ್ರೈವಿನಿಂದ ಇಸಕೊಳ್ಳುತ್ತಾರೆ. ಹೆಪ್ಪು ಹಾಕಲು ಪಕ್ಕದ ಮನೆಯಿಂದ ಮಜ್ಜಿಗೆ ತಂದ ಹಾಗೆ.

ಹೊಸದನ್ನೂ ಹಳೆಯದನ್ನೂ ಅಕ್ಕಪಕ್ಕ ಇಟ್ಟೆ. ಒಂದೇ ಹೆಸರು, ಒಂದೇ ಆವೃತ್ತಿ, ಅದೇ ಚಿತ್ರ. ಗಾತ್ರ ಮಾತ್ರ ಬೇರೆ. ಹಳೆಯದು ಸ್ವಲ್ಪ ದಪ್ಪ. ಒಂದೇ ಅಚ್ಚಿನಲ್ಲಿ ಬಂದ ಎರಡು ಫೈಲ್‌ಗಳು ಒಂದಕ್ಷರವೂ ಹೆಚ್ಚು ಕಡಿಮೆ ಇರುವಂತಿಲ್ಲ. ಅನುಮಾನ ಉಳಿಯಬಾರದೆಂದು ಎರಡನ್ನೂ, ಹತ್ತಾರು ಆಂಟಿವೈರಸ್‌ಗಳಿಂದ ಒಟ್ಟಿಗೆ ಪರೀಕ್ಷೆ ಮಾಡಿಸುವ ಒಂದು ತಾಣಕ್ಕೆ ಹಾಕಿದೆ. ಹೊಸದಕ್ಕೆ ಹೆಸರು ಕೇಳಿರದ ಯಾವುದೋ ಒಂದು ಮಾತ್ರ ಹುಬ್ಬು ಗಂಟಿಕ್ಕಿತು. ಹಳೆಯದಕ್ಕೆ ಪರದೆ ಉದ್ದಕ್ಕೂ ಕೆಂಪು.

ಕನ್ನಡದ ಬೆನ್ನಿಗೆ ಬೇರೆ ಯಾವುದೋ ಅಂಟಿಕೊಂಡು ಬಂದಿತ್ತು. ಯಾವುದೋ ಕಾಲದಲ್ಲಿ, ಯಾವುದೋ ಅಂಗಡಿಯ ರೋಗಿಷ್ಠ ಕಂಪ್ಯೂಟರಿನಲ್ಲಿ ಅಂಟಿಕೊಂಡದ್ದು. ಆಮೇಲೆ ಎಲ್ಲರೂ ಆಂಟಿವೈರಸ್ ಆಫ್ ಮಾಡಿಯೇ ಕನ್ನಡ ಹಾಕಿಕೊಂಡದ್ದರಿಂದ ಅದನ್ನು ಯಾರೂ ತಡೆಯಲಿಲ್ಲ. ಆ ಕಳ್ಳನಿಗೆ ನಮ್ಮ ರೂಢಿ ಗೊತ್ತಿರಬೇಕೆಂದೂ ಇರಲಿಲ್ಲ, ನಾವೇ ಬಾಗಿಲು ಹಿಡಿದು ನಿಂತು ಒಳಗೆ ಬಿಟ್ಟೆವು. ಕಾವಲು ಮೊದಲ ದಿನವೇ ಹಿಡಿದುಕೊಟ್ಟಿತ್ತು. ಪರದೇಶಿಗೆ ಕನ್ನಡ ಅರ್ಥವಾಗಲ್ಲ ಎಂದು ನಾವು ಅದರ ಬಾಯಿ ಮುಚ್ಚಿಸಿದೆವು. ಭಾಷೆಯ ಮೇಲಿನ ಅಭಿಮಾನ ಒಳ್ಳೆಯದೇ, ನನಗೂ ಬೇಕಾದಷ್ಟಿದೆ. ಆದರೆ ಅಭಿಮಾನಕ್ಕೆ ಗಾತ್ರ ಅಳೆದು ನೋಡುವ ತಾಳ್ಮೆ ಇರುವುದಿಲ್ಲ.

"ಇದು ಎಲ್ಲಿಂದ ಬಂತು?" ಎಂದು ಸೊಸೆಯನ್ನು ಕೇಳಿದೆ.

"ಪ್ರೆಸ್ಸಿನಾಗೇ ಕೊಟ್ಟಿದ್ದು ಅಕ್ಕಾರೆ, ನಾನು ಮನೆ ಕೆಲ್ಸ ಶುರು ಮಾಡ್ದಾಗ."

ಪ್ರೆಸ್ಸಿಗೆ ಎಲ್ಲಿಂದ ಬಂದಿತ್ತೋ. ನದಿಮೂಲ ಋಷಿಮೂಲದ ಜೊತೆಗೆ ಪೆನ್ ಡ್ರೈವಿನ ಮೂಲವನ್ನೂ ಸೇರಿಸಬೇಕು.

ಕಂಪ್ಯೂಟರನ್ನು ತೊಳೆದು, ಮುಟ್ಟಬೇಡ ಎಂಬ ಅಪ್ಪಣೆಯನ್ನು ಅಳಿಸಿ, ಕಾವಲು ಎಚ್ಚರ ಇದ್ದಂತೆಯೇ ಹೊಸ ಕನ್ನಡ ಹಾಕಿದೆ. ಕಾವಲು ಒಂದು ಗಳಿಗೆ ನೋಡಿತು, ಬಿಟ್ಟಿತು. ಸೊಸೆ ಬೀಗರ ಹೆಸರುಗಳನ್ನೆಲ್ಲ ಹೊಡೆದು ಮುಗಿಸಿದಳು. ದಿನದ ಕೆಲಸಕ್ಕೆ, ಹೊಸದೇನನ್ನೂ ಹಾಕುವ ಅಧಿಕಾರವಿಲ್ಲದ ಬೇರೆ ಖಾತೆಯೊಂದನ್ನು ಮಾಡಿಕೊಟ್ಟೆ. ಪತ್ರಿಕೆಯನ್ನು ಪಿಡಿಎಫ್ ಮಾಡಿ ಮೇಲ್‌ನಲ್ಲಿ ಕಳಿಸುವುದನ್ನು ತೋರಿಸಿದೆ. ಅಕ್ಷರ ಒಡೆಯುವ ಭಯವಿಲ್ಲ, ಪೆನ್ ಡ್ರೈವ್ ಸಹವಾಸವೂ ಇಲ್ಲ.

"ಇನ್ನ ಅದು ಬಡ್ಕಳಲ್ವ?" ಎಂದರು ಅತ್ತೆ.

"ಬಡಕೊಂಡ್ರೆ ಈ ಸಲ ಕೇಳ್ಬೇಕು ಅಮ್ಮ," ಎಂದೆ.

ಮರುದಿನ ಸೊಸೆ ದುರ್ಗಕ್ಕೆ ಬಂದಳು. ನಾನೂ ಪ್ರೆಸ್ಸಿಗೆ ಜೊತೆಗೆ ಹೋದೆ. ಹಣೆಯ ತುಂಬ ವಿಭೂತಿ ಹಚ್ಚಿದ ಯಜಮಾನರು ಕೌಂಟರಿನ ಆಚೆಯಿಂದಲೇ ಕೈ ಎತ್ತಿದರು.

"ಪೆನ್ ಡ್ರೈವ್ ತಂದಿದ್ರೆ ಅಲ್ಲೇ ಇಟ್ಕ. ಒಳಗೆ ತರ್ಬ್ಯಾಡ."

"ಪತ್ರಿಕೆ ನಿಮ್ ಮೇಲ್‌ಗೆ ಕಳ್ಸೀನಿ ಅಣ್ಣಾರೆ. ಪೆನ್ ಡ್ರೈವ್ ತಂದಿರಾದು ಬ್ಯಾರೆ ಕೆಲ್ಸಕ್ಕೆ." ಅವಳು ಅದನ್ನು ನನ್ನ ಲ್ಯಾಪ್‌ಟಾಪಿಗೆ ಚುಚ್ಚಿ ತೋರಿಸಿದಳು. "ನೋಡ್ರಿ, ಒಂದು ಖಾಲಿ ಫೋಲ್ಡರ್ ಐತೆ, ಇನ್ನೇನಿಲ್ಲ. ಈಗ ನೀವೇ ನಿಮ್ ಮಿಷನ್‌ಗೆ ಹಾಕಿ, ತಗದು ಕೊಡ್ರಿ."

ಅವರು ನನ್ನ ಮುಖ ನೋಡಿದರು. ನಾನು ಅವರ ಕಂಪ್ಯೂಟರ್ ಕಡೆ ಕೈ ತೋರಿಸಿದೆ. ಹಾಕಿದರು, ತೆಗೆದು ಕೊಟ್ಟರು. ಅವಳು ಮತ್ತೆ ಲ್ಯಾಪ್‌ಟಾಪಿಗೆ ಚುಚ್ಚಿ ಪರದೆಯನ್ನು ಅವರ ಕಡೆ ತಿರುಗಿಸಿದಳು. ಬಾಣ ಕೂತಿತ್ತು.

ಗಿರಾಕಿಯೊಬ್ಬ ಪತ್ರಿಕೆಯ ಮಾದರಿ ನೋಡುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದ. ಯಜಮಾನರು ಕನ್ನಡಕ ತೆಗೆದು ಅಂಗಿಗೆ ಒರೆಸಿದರು. ಅವರು ಕೆಟ್ಟ ಮನುಷ್ಯರಲ್ಲ. ಕೆಲಸಕ್ಕೆ ರೋಗ ಬಿದ್ದರೆ ಯಾರ ಮೇಲಾದರೂ ಹೊರಿಸಲೇಬೇಕಲ್ಲ, ದೂರದಿಂದ ಬರುವ ಹೆಣ್ಣುಮಗಳು ಹತ್ತಿರಕ್ಕೆ ಸಿಕ್ಕಿದಳು. ನಾನು ಕನ್ನಡದ ಎರಡು ಪ್ರತಿಗಳ ಕಥೆ ಹೇಳಿದೆ.

"ಕನ್ನಡ ಅಂದ್ರೆ ಆಂಟಿವೈರಸ್‌ಗೆ ಆಗಲ್ಲ ಮೇಡಂ. ಎಲ್ರೂ ಆಫ್ ಮಾಡೇ ಹಾಕಾದು," ಎಂದರು.

"ಯಾರು ಹೇಳಿದ್ರು ಸರ್?"

"ಯಾರು ಅಂದ್ರೆ... ಎಲ್ರೂ."

ಅವರ ಕಂಪ್ಯೂಟರ್ ತೊಳೆಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅವರಲ್ಲೂ ಕಾವಲು ಇತ್ತು, ಎಂದೋ ಆಫ್ ಮಾಡಿದವರು ಮತ್ತೆ ಆನ್ ಮಾಡಿರಲಿಲ್ಲ. ಯಜಮಾನರು ಊಟಕ್ಕೆ ಹೋಗಲಿಲ್ಲ. ನಡುವೆ ಯಾರಿಗೋ ಫೋನ್ ಹಚ್ಚಿ, "ಲೇ, ನೀನು ಕೊಟ್ಟಿದ್ಯಲ್ಲ ಕನ್ನಡ, ಅದನ್ನ ತಗದು ಬಿಸಾಕು. ಯಾರಿಗೂ ಕೊಡಬ್ಯಾಡ," ಎಂದು ಗದರಿದರು. ಅವಳಿಗೆ ತಪ್ಪಾಯಿತು ಎನ್ನಲಿಲ್ಲ. ಎಲ್ಲ ಮುಗಿದ ಮೇಲೆ ಕಂಪ್ಯೂಟರ್ ಮುಂದೆ ಕೂತಿದ್ದ ಆಪರೇಟರನ್ನು ಎಬ್ಬಿಸಿ, ಆ ಕುರ್ಚಿಯನ್ನು ಅವಳ ಕಡೆ ಸರಿಸಿದರು.

"ಕುಂತ್ಕಳವ್ವ. ಹೊಸ ಕನ್ನಡ ನೀನೇ ಹಾಕು."

ಅವಳು ಕುಳಿತಳು. ಯಜಮಾನರು ಹಿಂದೆ ನಿಂತು, ವರ್ಷಗಳ ಅಭ್ಯಾಸದಂತೆ ಬಗ್ಗಿ ಮೌಸ್ ಹಿಡಿದು, ಪರದೆಯ ಮೂಲೆಯಲ್ಲಿದ್ದ ಕಾವಲಿನ ಗುರುತಿನ ಮೇಲೆ ಕರ್ಸರ್ ಒಯ್ದರು, ಆಫ್ ಮಾಡಲು. ಸೊಸೆ ಅವರ ಕೈಯ ಮುಂದೆ ತನ್ನ ಕೈ ಅಡ್ಡ ಇಟ್ಟಳು.

"ಇರ್ಲಿ ಬಿಡ್ರಿ ಅಣ್ಣಾರೆ," ಎಂದಳು. "ಅದು ನೋಡ್ಲಿ. ನಮ್ ಕನ್ನಡ ಏನು ಕದ್ದು ಬಂದಿಲ್ಲ."